ಎದ್ದು ನಿಂತರೆ ನಡುಗುತ್ತಿದ್ದ ಗಾಂಧೀಜಿ



ಆಗಸ್ಟ್ 15 ಹತ್ತಿರ ಬಂತು ಅಂದ್ರೆ ನಮ್ಮಲ್ಲಿ ಕೆಲವರಿಗೆ ಹೊಟ್ಟೆಯೊಳಗೆ ತಳಮಳ ಶುರುವಾಗುತ್ತೆ. ಮೇಷ್ಟ್ರು ಭಾಷಣದ ಪಟ್ಟಿಗೆ ಎಲ್ಲಿ ನಮ್ಮ ಹೆಸರು ಬರೆದುಬಿಡ್ತಾರೋ ಅಂತ ಭಯ. ಮನೆಯಲ್ಲಿ ಹತ್ತು ಸಲ ಬಾಯಿಪಾಠ ಮಾಡಿರುತ್ತೇವೆ. ವೇದಿಕೆ ಹತ್ತಿ, ಅಧ್ಯಕ್ಷರಿಗೂ ಅತಿಥಿಗಳಿಗೂ ನಮಸ್ಕಾರ ಹೇಳುವವರೆಗೆ ಎಲ್ಲಾ ಸರಿಯಾಗಿರುತ್ತೆ. ಆಮೇಲೆ ತಲೆ ಖಾಲಿ. ಗಂಟಲು ಒಣಗುತ್ತೆ, ಕಾಲು ನಡುಗುತ್ತೆ. ಕೆಳಗೆ ಕೂತವರು ಕಿಸಕ್ಕನೆ ನಗುತ್ತಾರೆ. ಹೋದ ವರ್ಷ ನನಗೂ ಹಾಗೇ ಆಯಿತು. ನನಗೆ ಭಾಷಣ ಬರೋದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿಕೊಂಡುಬಿಟ್ಟೆ.

ಆಮೇಲೆ ಗಾಂಧೀಜಿಯವರ ಆತ್ಮಕಥೆ ಓದಿದೆ. ಅವರ ಸತ್ಯ, ಅಹಿಂಸೆ, ಉಪ್ಪಿನ ಸತ್ಯಾಗ್ರಹದ ಬಗ್ಗೆ ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಆದರೆ ಅವರಿಗೂ ನಾಲ್ಕು ಜನರ ಮುಂದೆ ಮಾತು ಬರುತ್ತಿರಲಿಲ್ಲ ಅಂತ ನಿಮಗೆ ಗೊತ್ತಾ? ಆ ಕಥೆಯನ್ನೇ ಇಲ್ಲಿ ಬರೆದಿದ್ದೇನೆ.

ಗಂಟೆ ಹೊಡೆದ ಕೂಡಲೇ ಮನೆಗೆ ಓಟ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ತಂದೆ ಸಂಸ್ಥಾನದ ದಿವಾನರು. ತಾಯಿ ಪುತಲೀಬಾಯಿ ದೈವಭಕ್ತೆ. ದಿವಾನರ ಮಗ ಅಂದಮೇಲೆ ಹುಡುಗ ಧೈರ್ಯವಂತನಾಗಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇರಲಿಲ್ಲ. ರಾಜಕೋಟೆಯ ಶಾಲೆಯಲ್ಲಿ ಓದುವಾಗ ಮೋಹನದಾಸ ಸರಿಯಾಗಿ ಗಂಟೆ ಹೊಡೆಯುವ ಹೊತ್ತಿಗೆ ಬರುತ್ತಿದ್ದ, ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದ. ಯಾರಾದರೂ ಮಾತಾಡಿಸಿದರೆ, ಗೇಲಿ ಮಾಡಿದರೆ ಏನು ಗತಿ ಅನ್ನುವ ಅಂಜಿಕೆ. ಪುಸ್ತಕಗಳೇ ಅವನ ಗೆಳೆಯರು.

1888ರಲ್ಲಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ಓದಿದ ಹೈಸ್ಕೂಲಿನಲ್ಲೇ ಬೀಳ್ಕೊಡುಗೆ ಇಟ್ಟರು. ಆಗ ಅವರಿಗೆ ಹದಿನೆಂಟು ವರ್ಷ. ಕೃತಜ್ಞತೆಯ ನಾಲ್ಕೇ ಮಾತು, ಅದನ್ನೂ ಬರೆದುಕೊಂಡು ಹೋಗಿದ್ದರು. ಓದಲು ನಿಂತರೆ ತಲೆ ಸುತ್ತಿತು, ಮೈಯೆಲ್ಲ ನಡುಗಿತು. ತೊದಲುತ್ತಾ ಹೇಗೋ ಮುಗಿಸಿದರು. ಹಡಗಿನಲ್ಲೂ ಅದೇ ಕಥೆ. ಯಾರ ಜೊತೆಗಾದರೂ ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತೆ ಅಂತ ಊಟದ ಮನೆಗೆ ಹೋಗದೆ ತಮ್ಮ ಕೋಣೆಯಲ್ಲೇ ಕೂತು ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿನ್ನುತ್ತಿದ್ದರು.

ಲಂಡನ್ನಿನಲ್ಲಿ ಮೂರು ಸೋಲು

ಲಂಡನ್ನಿನಲ್ಲಿ ಗಾಂಧೀಜಿಯವರು ಸಸ್ಯಾಹಾರಿಗಳ ಸಂಘ ಸೇರಿದರು, ಅದರ ಕಾರ್ಯಕಾರಿ ಸಮಿತಿಗೂ ಆಯ್ಕೆಯಾದರು. ಸಭೆಗೆಲ್ಲ ತಪ್ಪದೆ ಹೋಗುತ್ತಿದ್ದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಅವರ ಸ್ನೇಹಿತರಾದ ಡಾಕ್ಟರ್ ಓಲ್ಡ್‌ಫೀಲ್ಡ್, ನನ್ನ ಹತ್ತಿರ ಇಷ್ಟು ಚೆನ್ನಾಗಿ ಮಾತಾಡುವವನು ಸಭೆಯಲ್ಲಿ ಯಾಕೆ ಸುಮ್ಮನಿರುತ್ತೀಯೆ ಅಂತ ಕೇಳಿದರು. ಜೇನುಗೂಡಿನಲ್ಲಿ ಕೆಲಸ ಮಾಡದ ಗಂಡುನೊಣಕ್ಕೆ ಹೋಲಿಸಿ ತಮಾಷೆಯನ್ನೂ ಮಾಡಿದರು. ಗಾಂಧೀಜಿಯವರಿಗೆ ಬೇಜಾರಾಗಲಿಲ್ಲ, ಅದು ನಿಜವೇ ಅನ್ನಿಸಿತು. ಹೇಳಬೇಕು ಅನ್ನಿಸುತ್ತಿತ್ತು, ಹೇಗೆ ಹೇಳಬೇಕೋ ತಿಳಿಯುತ್ತಿರಲಿಲ್ಲ. ಹೇಳುವಷ್ಟು ಧೈರ್ಯ ಬರುವ ಹೊತ್ತಿಗೆ ಸಭೆ ಬೇರೆ ವಿಷಯಕ್ಕೆ ಹೋಗಿರುತ್ತಿತ್ತು.

ಒಂದು ಸಲ ಆ ಸಂಘದಿಂದ ಡಾಕ್ಟರ್ ಅಲಿನ್ಸನ್ ಎಂಬುವವರನ್ನು ತೆಗೆದುಹಾಕುವ ಮಾತು ಬಂತು. ಸಸ್ಯಾಹಾರಕ್ಕೆ ಸಂಬಂಧವೇ ಇಲ್ಲದ ಒಂದು ವಿಷಯದಲ್ಲಿ ಅವರ ಅಭಿಪ್ರಾಯ ಅಧ್ಯಕ್ಷರಿಗೆ ಹಿಡಿಸಿರಲಿಲ್ಲ. ಆ ಅಭಿಪ್ರಾಯ ಗಾಂಧೀಜಿಯವರಿಗೂ ಒಪ್ಪಿಗೆ ಇರಲಿಲ್ಲ. ಆದರೂ ಅಷ್ಟಕ್ಕೇ ಒಬ್ಬರನ್ನು ಹೊರಹಾಕುವುದು ಅನ್ಯಾಯ ಅಂತ ಅವರಿಗೆ ಅನ್ನಿಸಿತು. ಎದ್ದು ಹೇಳಲು ಧೈರ್ಯ ಸಾಲಲಿಲ್ಲ. ಕಾಗದದಲ್ಲಿ ಬರೆದು ತಂದರು, ಅದನ್ನು ಓದಲಿಕ್ಕೂ ಆಗಲಿಲ್ಲ. ಅಧ್ಯಕ್ಷರು ಬೇರೆಯವರಿಂದ ಓದಿಸಿದರು. ಅಲಿನ್ಸನ್ ಸೋತರು. ನಾವು ಬಾಯಿ ಬಿಡದಿದ್ದರೆ ನಮಗೊಬ್ಬರಿಗೇ ನಷ್ಟ ಅಂದುಕೊಂಡಿರುತ್ತೇವೆ. ಕೆಲವೊಮ್ಮೆ ಇನ್ನೊಬ್ಬರ ಪರವಾಗಿ ಆಡಬೇಕಾದ ಮಾತೂ ನಮ್ಮ ಬಾಯಲ್ಲೇ ಉಳಿದುಬಿಡುತ್ತೆ.

ವೆಂಟ್ನರ್ ಎಂಬ ಊರಿನಲ್ಲಿ ಇನ್ನೊಂದು ಸಭೆ ನಡೆಯಿತು. ಬರೆದುಕೊಂಡು ಹೋದ ಭಾಷಣ ಒಂದು ಹಾಳೆಗಿಂತ ಹೆಚ್ಚಿರಲಿಲ್ಲ. ಎದ್ದು ನಿಂತಾಗ ಕಣ್ಣು ಮಂಜಾಯಿತು, ಕೈ ನಡುಗಿತು. ಜೊತೆಗಿದ್ದ ಗೆಳೆಯ ಮಜುಮ್‌ದಾರ್ ಆ ಹಾಳೆ ತೆಗೆದುಕೊಂಡು ಓದಿಕೊಟ್ಟರು. ಕೊನೆಗೆ 1891ರಲ್ಲಿ ಊರಿಗೆ ಹೊರಡುವಾಗ ಸ್ನೇಹಿತರನ್ನು ಊಟಕ್ಕೆ ಕರೆದು, ಒಂದು ತಮಾಷೆಯ ಕಥೆ ಹೇಳಿ ಭಾಷಣ ಶುರು ಮಾಡಬೇಕು ಅಂದುಕೊಂಡಿದ್ದರು. ಮೊದಲ ವಾಕ್ಯಕ್ಕೇ ಮರೆತುಹೋಯಿತು. ಬಂದವರಿಗೆಲ್ಲ ವಂದನೆ ಹೇಳಿ ಕೂತುಬಿಟ್ಟರು.

ಕೋರ್ಟಿನಿಂದ ಓಡಿಬಂದ ವಕೀಲರು

ಬ್ಯಾರಿಸ್ಟರ್ ಆಗಿ ಬಂದಮೇಲೆ ಮುಂಬಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ಮಾಮೀಬಾಯಿ ಎಂಬುವವರ ಕೇಸು ಸಿಕ್ಕಿತು. ಮೊದಲನೆಯ ಕೇಸು, ಫೀಸು 30 ರೂಪಾಯಿ. ಎದುರು ಪಕ್ಷದ ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ಎದ್ದು ನಿಂತರು. ಎದೆ ಧಸಕ್ಕೆಂದಿತು. ಇಡೀ ಕೋರ್ಟೇ ತಿರುಗಿದ ಹಾಗಾಯಿತು. ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಕೊಂಡರು. ತನ್ನಿಂದಾಗದು, ಪಟೇಲ್ ಎಂಬ ವಕೀಲರನ್ನು ಇಟ್ಟುಕೊಳ್ಳಿ ಅಂತ ಹೇಳಿ ಫೀಸು ವಾಪಸು ಕೊಡಲು ಒಪ್ಪಿದರು. ಪಟೇಲರಿಗೆ 51 ರೂಪಾಯಿ ಕೊಟ್ಟು ಕೇಸು ನಡೆಸಿದರು. ಗಾಂಧೀಜಿ ಅಲ್ಲಿಂದ ಲಗುಬಗೆಯಿಂದ ಹೊರಟುಬಿಟ್ಟರು. ಆ ಹೆಂಗಸು ಗೆದ್ದರೋ ಸೋತರೋ ಎಂದೂ ಅವರಿಗೆ ತಿಳಿಯಲಿಲ್ಲ.

ಆಮೇಲೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸಕ್ಕೂ ಅರ್ಜಿ ಹಾಕಿದರು. ಪದವಿ ಇಲ್ಲ ಅಂತ ಅದೂ ಸಿಗಲಿಲ್ಲ. ರಾಜಕೋಟೆಗೆ ಹೋಗಿ ಅರ್ಜಿ, ಮನವಿ ಬರೆದುಕೊಡುತ್ತಾ ಕಾಲ ಕಳೆದರು.

ಮೊದಲ ಭಾಷಣ

1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಗಳ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಪ್ರಿಟೋರಿಯಾಕ್ಕೆ ಹೋಗುವ ದಾರಿಯಲ್ಲಿ ಮೊದಲನೇ ದರ್ಜೆಯ ಟಿಕೇಟು ಇದ್ದರೂ ಕರಿಯ ಅಂತ ಅವರನ್ನು ರೈಲಿನಿಂದ ಕೆಳಗಿಳಿಸಿದ್ದು ನಮಗೆಲ್ಲ ಗೊತ್ತು. ಅದರ ಮುಂದೆ ನಡೆದದ್ದು ಬಹಳ ಜನಕ್ಕೆ ಗೊತ್ತಿಲ್ಲ.

ಪ್ರಿಟೋರಿಯಾ ಮುಟ್ಟಿದ ಮೇಲೆ ಅವರು ಅಲ್ಲಿನ ಭಾರತೀಯರನ್ನೆಲ್ಲ ಒಬ್ಬ ವ್ಯಾಪಾರಿಯ ಮನೆಯಲ್ಲಿ ಸೇರಿಸಿದರು. ಬಂದವರಲ್ಲಿ ಹೆಚ್ಚಿನವರು ಮುಸ್ಲಿಂ ವ್ಯಾಪಾರಿಗಳು, ಕೆಲವರು ಹಿಂದೂಗಳು. ಅವರ ಮುಂದೆ ಗಾಂಧೀಜಿ ಎದ್ದು ನಿಂತು ಮಾತಾಡಿದರು! ವ್ಯಾಪಾರದಲ್ಲಿ ಸತ್ಯ ನಡೆಸುವುದು, ಮನೆ ಮಠ ಶುಚಿಯಾಗಿಡುವುದು, ಜಾತಿ ಮತ ಮರೆತು ಒಂದಾಗುವುದು, ಇವೇ ವಿಷಯ. ಇದೇ ತಮ್ಮ ಜೀವನದ ಮೊದಲನೆಯ ಸಾರ್ವಜನಿಕ ಭಾಷಣ ಅಂತ ಅವರೇ ಬರೆದುಕೊಂಡಿದ್ದಾರೆ.

ಲಂಡನ್ನಿನಲ್ಲಿ ಒಂದು ಹಾಳೆ ಓದಲಾಗದವರಿಗೆ ಇಲ್ಲಿ ಬಾಯಿ ಹೇಗೆ ಬಂತು? ನನಗೆ ಅನ್ನಿಸಿದ್ದು ಹೀಗೆ. ವಿಷಯವನ್ನು ಅವರು ಚೆನ್ನಾಗಿ ಯೋಚಿಸಿಕೊಂಡು ಹೋಗಿದ್ದರು. ಅವಮಾನದ ನೋವು ಅವರದೇ ಮೈಮೇಲೆ ಹಸಿಯಾಗಿತ್ತು. ಕೂತಿದ್ದವರೂ ಅದೇ ನೋವು ಉಂಡವರು. ಅವತ್ತು ಅವರು ಚೆನ್ನಾಗಿ ಮಾತಾಡಿ ಚಪ್ಪಾಳೆ ಗಿಟ್ಟಿಸಲು ನಿಂತಿರಲಿಲ್ಲ, ಆಗಬೇಕಾದ ಕೆಲಸ ಹೇಳಲು ನಿಂತಿದ್ದರು. ಇಂಗ್ಲಿಷ್ ಕಲಿಯಬೇಕೆನ್ನುವವರಿಗೆ ತಾನೇ ಕಲಿಸುತ್ತೇನೆ ಅಂತಲೂ ಹೇಳಿದರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು ಮುಂದೆ ಬಂದರು. ಗಾಂಧೀಜಿ ಅವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು.

ಭಯ ಒಂದೇ ದಿನಕ್ಕೆ ಹೋಗಲಿಲ್ಲ

ಅಲ್ಲಿಗೆ ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡಿ. 1896ರಲ್ಲಿ ಅವರು ಭಾರತಕ್ಕೆ ಬಂದಿದ್ದಾಗ ಮುಂಬಯಿಯಲ್ಲಿ ದೊಡ್ಡ ಸಭೆ ನಡೆಯಿತು. ಫಿರೋಜ್‌ಷಾ ಮೆಹ್ತಾ ಅಧ್ಯಕ್ಷರು. ಸಭಾಂಗಣ ತುಂಬಿ ತುಳುಕುತ್ತಿತ್ತು. ಗಾಂಧೀಜಿ ಓದಲು ಶುರು ಮಾಡಿದರು. ಜೋರಾಗಿ ಓದಿ ಅಂತ ಮೆಹ್ತಾ ಹೇಳಿದಷ್ಟೂ ಅವರ ದನಿ ಇಳಿಯುತ್ತಾ ಹೋಯಿತು. ಕಡೆಗೆ ದಿನ್‌ಷಾ ವಾಚಾ ಎಂಬ ಹಿರಿಯರು ಅದನ್ನು ಓದಿದರು. ಸಭೆ ಕೊನೆಯವರೆಗೂ ಕೇಳಿತು.

1901ರ ಕಲ್ಕತ್ತಾ ಕಾಂಗ್ರೆಸ್ಸಿಗೆ ಅದೇ ವಾಚಾ ಅವರು ಅಧ್ಯಕ್ಷರು. ದಕ್ಷಿಣ ಆಫ್ರಿಕಾದ ಭಾರತೀಯರ ಪರವಾಗಿ ಗಾಂಧೀಜಿ ಮಾತಾಡುತ್ತಿರುವಾಗ ಗಂಟೆ ಬಾರಿಸಿತು. ಇನ್ನೆರಡು ನಿಮಿಷ ಇದೆ ಅನ್ನುವ ಸೂಚನೆ ಅದು. ಅದು ಗೊತ್ತಿಲ್ಲದೆ ಇವರು ನೊಂದುಕೊಂಡು ಕೂತುಬಿಟ್ಟರು!

ಆದರೂ ಅವರು ನಿಲ್ಲುವುದನ್ನು ಬಿಡಲಿಲ್ಲ. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ನಾಟಕಶಾಲೆಯಲ್ಲಿ ಭಾರತೀಯರು ಕಿಕ್ಕಿರಿದು ಸೇರಿದ್ದರು. ಎಂಟು ವರ್ಷ ತುಂಬಿದ ಮಕ್ಕಳಿಂದ ಹಿಡಿದು ಎಲ್ಲರೂ ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು ಎಂಬ ಕಾನೂನಿಗೆ ವಿರೋಧ. ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡೋಣ ಅಂತ ಒಬ್ಬರು ಹೇಳಿದಾಗ ಗಾಂಧೀಜಿ ಎದ್ದರು. ಪ್ರತಿಜ್ಞೆ ಅಂದರೆ ಹುಡುಗಾಟವಲ್ಲ, ಜೈಲು, ಏಟು, ಆಸ್ತಿ ನಷ್ಟ ಎಲ್ಲಾ ಬರಬಹುದು, ಕೊನೆಗೆ ಒಬ್ಬರೇ ಉಳಿದರೂ ನಿಲ್ಲುವೆನೆಂದು ಅನ್ನಿಸಿದರೆ ಮಾತ್ರ ಕೈ ಎತ್ತಿ ಅಂತ ಬಿಡಿಸಿ ಹೇಳಿದರು. ಸಭೆಯೆಲ್ಲ ಎದ್ದು ನಿಂತು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹ ಹುಟ್ಟಿದ್ದು ಅಲ್ಲೇ.

1915ರಲ್ಲಿ ಭಾರತಕ್ಕೆ ಬಂದಾಗ ಮುಂಬಯಿಯ ಗುಜರಾತಿಗಳು ಸನ್ಮಾನ ಮಾಡಿದರು. ಉಳಿದವರು ಇಂಗ್ಲಿಷಿನಲ್ಲಿ ಮಾತಾಡಿದರೆ ಗಾಂಧೀಜಿ ಗುಜರಾತಿಯಲ್ಲಿ ಉತ್ತರ ಕೊಟ್ಟರು. 1916ರಲ್ಲಿ ಕಾಶಿಯಲ್ಲಿ ಒಡವೆ ಹಾಕಿಕೊಂಡ ಮಹಾರಾಜರ ಎದುರಿನಲ್ಲೇ ಬಡವರ ಮಾತು ಎತ್ತಿದರು. ನಮ್ಮ ನಾಡಿನ ಬೆಳಗಾವಿಯಲ್ಲಿ 1924ರಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಅವರು ಕೂಗಾಡಿ, ಮೇಜು ಗುದ್ದಿ ಮಾತಾಡಿದವರಲ್ಲ. ಮೆಲುದನಿ, ಸಣ್ಣ ಮಾತು. ಎಷ್ಟೋ ಸಲ ಕೂತೇ ಮಾತಾಡುತ್ತಿದ್ದರು. ಚಿಕ್ಕಂದಿನ ಸಂಕೋಚದಿಂದಲೇ ತೂಕ ಮಾಡಿ ಮಾತಾಡುವುದನ್ನು ಕಲಿತೆ ಅಂತ ಬರೆದಿದ್ದಾರೆ. 1948ರ ಜನವರಿ 30ರಂದು ದೆಹಲಿಯಲ್ಲಿ ಗುಂಡಿಗೆ ಬಲಿಯಾಗುವ ಹೊತ್ತಿಗೆ ಆ ಮೆಲುದನಿ ಹಳ್ಳಿಹಳ್ಳಿಗೂ ಮುಟ್ಟಿತ್ತು.

ನಾವು ಮಾಡಬಹುದಾದದ್ದು

ಗುರುಗಳಲ್ಲಿ ಒಂದು ವಿನಂತಿ. ಯಾವಾಗಲೂ ಚೆನ್ನಾಗಿ ಮಾತಾಡುವ ನಾಲ್ಕೇ ಜನರನ್ನು ಕರೆಯಬೇಡಿ. ಮೊದಲು ತರಗತಿಯಲ್ಲೇ, ಹತ್ತು ಜನರ ಮುಂದೆ, ಎರಡು ನಿಮಿಷ ಕೊಡಿ. ಬಾಯಿಪಾಠದ ಭಾಷಣ ಬೇಡ, ನಮಗೆ ಗೊತ್ತಿರುವುದನ್ನೇ ಹೇಳುತ್ತೇವೆ. ಹಸು ಕರು ಹಾಕಿದ್ದು, ಬೋರ್‌ವೆಲ್ ಬತ್ತಿದ್ದು, ಸಂತೆಯಲ್ಲಿ ಟೊಮೇಟೊ ಬೆಲೆ ಬಿದ್ದದ್ದು. ನಮ್ಮ ಮನೆಮಾತಿನಲ್ಲೇ ಹೇಳುತ್ತೇವೆ.

ಗೆಳೆಯ ಗೆಳತಿಯರಲ್ಲೂ ಒಂದು ಮಾತು. ಮಜುಮ್‌ದಾರ್ ನಗಲಿಲ್ಲ, ಹಾಳೆ ತಗೊಂಡು ಓದಿಕೊಟ್ಟರು. ಇನ್ನು ಮೇಲೆ ಯಾರಾದರೂ ನಿಂತುಹೋದರೆ ನಾವೂ ಹಾಗೇ ಮಾಡೋಣ.

ಅಂದ ಹಾಗೆ, ಈ ಸಲದ ಪಟ್ಟಿಯಲ್ಲಿ ನನ್ನ ಹೆಸರನ್ನು ನಾನೇ ಬರೆಸಿದ್ದೇನೆ. ಒಂದೇ ಹಾಳೆಯ ಭಾಷಣ. ಕಾಲು ನಡುಗಿದರೂ ನಿಲ್ಲುತ್ತೇನೆ. ನಡುವೆ ನಿಂತುಹೋದರೆ, ಮುಂದಿನ ಸಾಲಿನಲ್ಲಿ ಕೂತವರು ಯಾರಾದರೂ ಎದ್ದು ಬನ್ನಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ