ಚಾವಣಿಯಲ್ಲಿ ಅಡಗಿದ ಚಿತ್ರ

ಅಕಿರ ಎಂದೊಡನೆ ನಮ್ಮ ಚಲಚ್ಚಿತ್ರಾಸಕ್ತರಿಗೆ ಕುರೊಸಾವಾ ಅವರ ನೆನಪಾಗುವುದು ಸಹಜ. ಅದೇ ಹೆಸರಿನ ಇನ್ನೊಬ್ಬರು, ಚಲಚ್ಚಿತ್ರದ ಇತಿಹಾಸವನ್ನು ಬರೆದ ಇವಾಸಾಕಿ ಅಕಿರ (1903–1981), ನಮ್ಮಲ್ಲಿ ಅಷ್ಟು ಪರಿಚಿತರಲ್ಲ. ಜಪಾನೀ ಚಿತ್ರಗಳನ್ನು ಅಭ್ಯಸಿಸುವವರು ಮಾತ್ರ ಅವರನ್ನು ಬಿಟ್ಟು ಮುಂದೆ ಹೋಗಲಾರರು.

ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಜರ್ಮನ್ ಸಾಹಿತ್ಯವನ್ನು ಓದಿದ ಅವರು ವಿಮರ್ಶೆಗೆ ಆರಿಸಿಕೊಂಡದ್ದು ಬೆಳ್ಳಿತೆರೆಯನ್ನು. ಚಿತ್ರ ಸುಂದರವಾಗಿದೆಯೇ ಎಂಬಷ್ಟಕ್ಕೆ ಅವರ ವಿಚಾರ ನಿಲ್ಲುತ್ತಿರಲಿಲ್ಲ. ಅದರ ಬಂಡವಾಳ ಯಾರದು, ಅದು ಯಾರ ಪರವಾಗಿ ಮಾತನಾಡುತ್ತದೆ ಎಂದು ಕೇಳುತ್ತಿದ್ದರು. ಅವರ ಲೇಖನವೊಂದನ್ನು 1930ರಲ್ಲಿ ಚೀನದ ಮಹಾಲೇಖಕ ಲು ಷುನ್ ಸ್ವತಃ ಅನುವಾದಿಸಿದರು.

ಚಿತ್ರೀಕರಣಕ್ಕೆ ಮೊದಲೇ ಕಥೆಯನ್ನು ಪರಿಶೀಲಿಸುವ ಅಧಿಕಾರವನ್ನು ಸರ್ಕಾರಕ್ಕಿತ್ತ 1939ರ ಚಲಚ್ಚಿತ್ರ ಶಾಸನವನ್ನು ಅವರು ಬಹಿರಂಗವಾಗಿ ವಿರೋಧಿಸಿದರು. 1940ರಲ್ಲಿ ಸೆರೆಗೆ ಬಿದ್ದರು. ಬಿಡುಗಡೆಯಾದ ಮೇಲೆ ಆಶ್ರಯ ದೊರೆತದ್ದು, ವಿಪರ್ಯಾಸವೆನ್ನಬೇಕು, ವಸಾಹತಿನ ಮಂಚೂರಿಯಾ ಚಿತ್ರಸಂಸ್ಥೆಯ ಟೋಕಿಯೋ ಕಚೇರಿಯಲ್ಲಿ. ಇದನ್ನು ಮುಚ್ಚಿಡುವುದು ಸರಿಯಲ್ಲ. ಹೊಟ್ಟೆಪಾಡಿನ ಮುಂದೆ ಎಲ್ಲರೂ ವೀರರಾಗಿ ಉಳಿಯುವುದಿಲ್ಲ.

ಆದರೆ 1945ರಲ್ಲಿ ಅವರ ನಿಜವಾದ ಪರೀಕ್ಷೆ ಬಂದಿತು. ವಾರ್ತಾಚಿತ್ರ ಸಂಸ್ಥೆಯಾದ ನಿಚಿಯೆಯ್‌ನ ತಂಡ ಹಿರೋಷಿಮ, ನಾಗಸಾಕಿಗಳಿಗೆ ಹೋಗಿ ಬಾಂಬಿನ ಪರಿಣಾಮವನ್ನು ಚಿತ್ರಿಸತೊಡಗಿತು. ನಿರ್ಮಾಣದ ಹೊಣೆ ಇವಾಸಾಕಿ ಅವರದು. ಅಕ್ಟೋಬರಿನಲ್ಲಿ ಅಮೆರಿಕದ ಸೈನಿಕರು ನಾಗಸಾಕಿಯಲ್ಲಿ ಛಾಯಾಗ್ರಾಹಕನೊಬ್ಬನನ್ನು ಬಂಧಿಸಿದರು. ಮುಂದೆ ಅಮೆರಿಕನ್ನರ ಮೇಲ್ವಿಚಾರಣೆಯಲ್ಲೇ ಕೆಲಸ ಸಾಗಿ 1946ರಲ್ಲಿ ಮುಗಿಯಿತು. ಮೂಲವೂ ಪ್ರತಿಗಳೂ ಅಮೆರಿಕಕ್ಕೆ ಹೊರಟುವು. ಇವಾಸಾಕಿ ಮತ್ತು ಕೆಲವು ಸಹೋದ್ಯೋಗಿಗಳು ಒಂದಷ್ಟು ರೀಲುಗಳನ್ನು ಗುಟ್ಟಾಗಿ ಉಳಿಸಿಕೊಂಡು ಚಾವಣಿಯಲ್ಲಿ ಅಡಗಿಸಿದರು. ಸಿಕ್ಕಿಬಿದ್ದಿದ್ದರೆ ಕಠಿಣ ಶಿಕ್ಷೆ ಕಾದಿತ್ತು.

ಅದೇ 1946ರಲ್ಲಿ ಅವರು ನಿರ್ಮಿಸಿದ, ಕಾಮೆಯಿ ಫುಮಿಯೊ ನಿರ್ದೇಶಿಸಿದ ‘ಜಪಾನಿನ ದುರಂತ’ದಲ್ಲಿ ಚಕ್ರವರ್ತಿಯ ಸೇನಾ ಉಡುಪು ಕರಗಿ ನಾಗರಿಕ ಉಡುಪಾಗುವ ದೃಶ್ಯವೊಂದಿದೆ. ಪ್ರಧಾನಿ ಯೊಷಿದ ಅದನ್ನು ನೋಡಿ ಕೆರಳಿದರು. ಮೊದಲು ಅನುಮತಿಯಿತ್ತಿದ್ದ ಆಕ್ರಮಣಾಡಳಿತವೇ ಆಗಸ್ಟಿನಲ್ಲಿ ಅದನ್ನು ನಿಷೇಧಿಸಿತು. ಸಾಮ್ರಾಜ್ಯದ ಸೆರೆಯನ್ನು ಕಂಡವರು ಪ್ರಜಾಪ್ರಭುತ್ವ ಕಲಿಸಲು ಬಂದವರ ಕತ್ತರಿಯನ್ನೂ ಕಂಡರು.

ಬಾಂಬಿನ ಚಿತ್ರದ ಪ್ರತಿಯೊಂದು ಅಮೆರಿಕದಿಂದ ಜಪಾನಿಗೆ ಮರಳಿದ್ದು 1967ರಲ್ಲಿ. ಮರುವರ್ಷ ಅದು ದೂರದರ್ಶನದಲ್ಲಿ ಪ್ರಸಾರವಾದಾಗ ಗಾಯಗೊಂಡ ಮನುಷ್ಯರ ದೃಶ್ಯಗಳಿರಲಿಲ್ಲ. ಜಪಾನೀ ಸರ್ಕಾರವೇ ಅವನ್ನು ತೆಗೆಸಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯದ ಎರಿಕ್ ಬಾರ್ನೋ, ಎಸ್. ಕೃಷ್ಣಸ್ವಾಮಿ ಅವರೊಡನೆ 1963ರಲ್ಲಿ ಭಾರತೀಯ ಚಲಚ್ಚಿತ್ರದ ಇತಿಹಾಸವನ್ನು ಬರೆದ ಪ್ರಾಧ್ಯಾಪಕರು, ಅಮೆರಿಕದಲ್ಲಿದ್ದ ಪ್ರತಿಯಿಂದ 1970ರಲ್ಲಿ 16 ನಿಮಿಷದ ಚಿತ್ರವೊಂದನ್ನು ರೂಪಿಸಿದರು. ಅದರಲ್ಲಿ ಆ ಮನುಷ್ಯರಿದ್ದರು.