ಬೀಳುವ ವಸ್ತುವಿನ ಲೆಕ್ಕ ಬರೆದ ಗೆಲಿಲಿಯೊ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ತೆಂಗಿನ ಮರದಿಂದ ಕಾಯಿ ಬೀಳುವುದು ಹೊಸ ನೋಟವಲ್ಲ. ಗೊನೆಯಿಂದ ಕಳಚಿದ ಬಲಿತ ಕಾಯಿ ಮೊದಲು ಮೆಲ್ಲನೆ ಹೊರಟಂತೆ ತೋರಿ, ನೆಲ ಸಮೀಪಿಸಿದಂತೆ ಭಯಂಕರ ವೇಗವನ್ನು ತಾಳುತ್ತದೆ. ಮರದ ಬುಡದಲ್ಲಿ ನಿಲ್ಲಬಾರದೆಂದು ಹಿರಿಯರು ಎಚ್ಚರಿಸುವುದು ಇದಕ್ಕಾಗಿಯೇ. ಆದರೆ ಆ ವೇಗವು ಯಾವ ನಿಯಮದಂತೆ ಹೆಚ್ಚುತ್ತದೆ? ಈ ಪ್ರಶ್ನೆಯನ್ನು ಊಹೆಗೆ ಬಿಡದೆ, ಅಳತೆ ಮಾಡಿ ಉತ್ತರಿಸಿದವನು ಇಟಲಿ ದೇಶದ ಗೆಲಿಲಿಯೊ ಗೆಲಿಲಿ.

ಗೆಲಿಲಿಯೊ 1564ರ ಫೆಬ್ರವರಿ 15ರಂದು ಪೀಸಾ ನಗರದಲ್ಲಿ ಜನಿಸಿದನು. ತಂದೆ ಸಂಗೀತಗಾರ. ಮಗನು ವೈದ್ಯನಾಗಲೆಂಬುದು ತಂದೆಯ ಆಸೆಯಾಗಿತ್ತು. ಮಗನ ಮನಸ್ಸಾದರೋ ಗಣಿತದ ಕಡೆಗೆ ಒಲಿಯಿತು. ಪದವಿಯನ್ನೂ ಪಡೆಯದೆ ವಿಶ್ವವಿದ್ಯಾನಿಲಯವನ್ನು ಬಿಟ್ಟ ಆ ತರುಣನೇ 1589ರಲ್ಲಿ ಅಲ್ಲಿಯೇ ಗಣಿತದ ಅಧ್ಯಾಪಕನಾದನು. 1592ರಲ್ಲಿ ಪಾಡುವಾ ನಗರಕ್ಕೆ ತೆರಳಿ ಹದಿನೆಂಟು ವರ್ಷ ಪಾಠ ಹೇಳಿದನು.

ಭಾರವಾದ ವಸ್ತು ಹಗುರವಾದುದಕ್ಕಿಂತ ಅದರ ಭಾರಕ್ಕೆ ತಕ್ಕಂತೆ ಬೇಗ ಬೀಳುತ್ತದೆಂಬ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಮಾತನ್ನು ಯೂರೋಪಿನ ವಿದ್ವಾಂಸರಲ್ಲಿ ಬಹುಮಂದಿ ಅಂದು ಒಪ್ಪಿದ್ದರು. ಪೀಸಾದ ವಾಲುಗೋಪುರದಿಂದ ಗೆಲಿಲಿಯೊ ಗುಂಡುಗಳನ್ನು ಬೀಳಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಅದು ನಡೆದುದೇ ಎಂಬುದರಲ್ಲಿ ಇತಿಹಾಸಕಾರರಿಗೆ ಸಂಶಯವಿದೆ. ಅದೇನೇ ಇರಲಿ, ವ್ಯತ್ಯಾಸಕ್ಕೆ ಗಾಳಿಯ ತಡೆಯೇ ಕಾರಣವೆಂಬುದನ್ನು ಆತನು ಅರಿತಿದ್ದನು. ಒಣಗಿದ ಗರಿಯ ಎಸಳು ತೇಲುತ್ತ ಇಳಿಯುವುದೂ ಕಾಯಿ ನೆಟ್ಟಗೆ ಬೀಳುವುದೂ ಇದರಿಂದಲೇ. ಗಾಳಿಯಿಲ್ಲದ ಚಂದ್ರನ ಮೇಲೆ 1971ರಲ್ಲಿ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಅವೆರಡೂ ಒಟ್ಟಿಗೇ ನೆಲ ಮುಟ್ಟಿದವು.

ನೇರವಾಗಿ ಬೀಳುವ ವಸ್ತುವನ್ನು ಅಳೆಯುವುದು ಸುಲಭವಲ್ಲ. ಸೆಕೆಂಡುಗಳನ್ನು ನಂಬಿಕೆಯಿಂದ ತೋರಿಸುವ ಗಡಿಯಾರ ಅಂದು ಇರಲಿಲ್ಲ. ಗೆಲಿಲಿಯೊ ಜಾಣತನದಿಂದ ಪತನವನ್ನೇ ನಿಧಾನಗೊಳಿಸಿದನು. ಸುಮಾರು ಏಳು ಮೀಟರ್ ಉದ್ದದ ಮರದ ತೊಲೆಯಲ್ಲಿ ನುಣುಪಾದ ಕಾಲುವೆ ಕೊರೆದು, ಅದನ್ನು ಓರೆಯಾಗಿ ನಿಲ್ಲಿಸಿ, ಕಂಚಿನ ಗುಂಡನ್ನು ಉರುಳಿಬಿಟ್ಟನು. ಗುಂಡು ಉರುಳುವಷ್ಟು ಹೊತ್ತು ಒಂದು ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ಹಿಡಿದು ತಕ್ಕಡಿಯಲ್ಲಿ ತೂಗಿದನು; ಆ ತೂಕವೇ ಕಾಲದ ಅಳತೆ! ಒಂದೇ ಪ್ರಯೋಗವನ್ನು ನೂರು ಬಾರಿಯಾದರೂ ಮಾಡಿದುದಾಗಿ ಆತನು ಹೇಳಿಕೊಂಡಿದ್ದಾನೆ. ಕಾಲ ಇಮ್ಮಡಿಯಾದರೆ ದೂರ ನಾಲ್ಕು ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ ಆಗುವುದು ಕಂಡುಬಂತು.

ಇಷ್ಟಾದರೂ ಆತನು ಎಡವದೆ ಇರಲಿಲ್ಲ. 1604ರಲ್ಲಿ ಸ್ನೇಹಿತ ಸಾರ್ಪಿಗೆ ಬರೆದ ಪತ್ರದಲ್ಲಿ, ವೇಗವು ಬಿದ್ದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ತಿಳಿಸಿದನು. ಇದು ತಪ್ಪು. ವೇಗವು ಹೆಚ್ಚುವುದು ಕಳೆದ ಕಾಲಕ್ಕೆ ಅನುಗುಣವಾಗಿ ಎಂಬುದು ಆತನಿಗೆ ಹೊಳೆದದ್ದು ಆಮೇಲೆ. ಇಂದು ವಿದ್ಯಾರ್ಥಿಗಳು ಒಂದು ಸಾಲಿನಲ್ಲಿ ಬರೆದುಬಿಡುವ ಸಮೀಕರಣದ ಹಿಂದೆ ಇಂತಹ ಎಡವಾಟವಿದೆ.

ಗುರುತ್ವದಿಂದ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ ಏರುತ್ತದೆ. ಲೆಕ್ಕದ ಅನುಕೂಲಕ್ಕೆ 10 ಎನ್ನೋಣ. ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದರೆ ಬಿದ್ದ ದೂರ ಸಿಗುತ್ತದೆ. 20 ಮೀಟರ್ ಎತ್ತರದಿಂದ ಬೀಳುವ ತೆಂಗಿನಕಾಯಿ ಮೊದಲ ಸೆಕೆಂಡಿನಲ್ಲಿ 5 ಮೀಟರ್, ಎರಡನೆಯದರಲ್ಲಿ 15 ಮೀಟರ್ ಇಳಿದು ನೆಲ ಸೇರುತ್ತದೆ. ಆಗ ಅದರ ವೇಗ ಸೆಕೆಂಡಿಗೆ 20 ಮೀಟರ್, ಎಂದರೆ ಗಂಟೆಗೆ 72 ಕಿಲೋಮೀಟರ್! ಅದೇ ವೇಗದಿಂದ ಒಂದು ಕಲ್ಲನ್ನು ನೇರ ಮೇಲಕ್ಕೆ ಎಸೆದರೆ ಅದು ಸೆಕೆಂಡಿಗೆ 10 ಮೀಟರಿನಂತೆ ವೇಗ ಕಳೆದುಕೊಂಡು, ಎರಡು ಸೆಕೆಂಡಿನಲ್ಲಿ ಮರದ ತುದಿಯಷ್ಟು ಎತ್ತರ ಮುಟ್ಟಿ, ಮತ್ತೆರಡು ಸೆಕೆಂಡಿನಲ್ಲಿ ಹಿಂದಿರುಗುತ್ತದೆ. ತುದಿಯಲ್ಲಿ ಕಲ್ಲಿನ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಲ್ಲ. ಸೊನ್ನೆಯಾಗಿದ್ದರೆ ಕಲ್ಲು ಅಲ್ಲಿಯೇ ನಿಂತುಬಿಡಬೇಕಾಗಿತ್ತು. ಮೇಲಿನ ದಿಕ್ಕನ್ನು ಧನವೆಂದು ಹಿಡಿದವರು ವೇಗೋತ್ಕರ್ಷಕ್ಕೆ ಋಣ ಚಿಹ್ನೆ ಹಾಕುವುದನ್ನು ಮರೆತರೆ ಇಡೀ ಲೆಕ್ಕ ಕೆಡುತ್ತದೆ. ಗೆಲಿಲಿಯೊ ಇದನ್ನೆಲ್ಲ ಬೀಜಗಣಿತದ ಅಕ್ಷರಗಳಲ್ಲಿ ಬರೆಯದೆ ಅನುಪಾತಗಳಲ್ಲಿಯೇ ಹೇಳಿದನು.

ಹೇಳಲು ಆತನಿಗೆ ದೊರೆತ ಕಾಲವಾದರೋ ಕಷ್ಟದ ಕಾಲ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬ ವಾದಕ್ಕಾಗಿ 1633ರಲ್ಲಿ ರೋಮಿನ ಧರ್ಮವಿಚಾರಣಾ ಮಂಡಳಿಯು ಅರವತ್ತೊಂಬತ್ತರ ಈ ವೃದ್ಧನಿಂದ ಮಂಡಿಯೂರಿಸಿ ಆ ಮತವನ್ನು ತೊರೆಸಿತು. ಫ್ಲಾರೆನ್ಸಿನ ಬಳಿಯ ಆರ್ಚೆಟ್ರಿಯ ಮನೆಯೇ ಆತನ ಸೆರೆಮನೆಯಾಯಿತು. ಸಮೀಪದ ಮಠದಲ್ಲಿ ಸಂನ್ಯಾಸಿನಿಯಾಗಿದ್ದ ಅಕ್ಕರೆಯ ಮಗಳು 1634ರಲ್ಲಿ ತೀರಿಕೊಂಡಳು. ಆ ದುಃಖದಲ್ಲಿಯೂ ಆತನು ಯೌವನದ ಟಿಪ್ಪಣಿಗಳನ್ನು ಹೊರತೆಗೆದು, ಮೂವರು ಸ್ನೇಹಿತರ ಸಂಭಾಷಣೆಯ ರೂಪದಲ್ಲಿ ಚಲನೆಯ ಶಾಸ್ತ್ರವನ್ನು ಬರೆದನು. ಆತನ ಗ್ರಂಥಗಳ ಮುದ್ರಣಕ್ಕೆ ನಿಷೇಧವಿದ್ದುದರಿಂದ ಹಸ್ತಪ್ರತಿ ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿ 1638ರಲ್ಲಿ ಅಚ್ಚಾಯಿತು. ಪುಸ್ತಕ ಕೈಸೇರುವ ವೇಳೆಗೆ ಆತನ ಎರಡು ಕಣ್ಣುಗಳೂ ಹೋಗಿದ್ದವು.

1642ರ ಜನವರಿ 8ರಂದು ಗೆಲಿಲಿಯೊ ಆರ್ಚೆಟ್ರಿಯಲ್ಲಿಯೇ ಕಣ್ಮುಚ್ಚಿದನು. ಗೌರವದ ಸಮಾಧಿಗೆ ಅನುಮತಿ ದೊರೆಯದೆ, ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನ ಒಂದು ಚಿಕ್ಕ ಕೋಣೆಯಲ್ಲಿ ಆತನನ್ನು ಹೂಳಿದರು. 1737ರಲ್ಲಿ ಆ ಅವಶೇಷಗಳನ್ನು ಅದೇ ಚರ್ಚಿನ ಭವ್ಯ ಸಮಾಧಿಗೆ ತಂದರು.