ಬಟ್ಟೆ ತುಂಡಿನ ಬೆಲೆ ತಿಳಿದ ವೈದ್ಯ

ನನ್ನ ತಮ್ಮನಿಗೆ ಎರಡೂವರೆ ವರ್ಷ. ಅಮ್ಮಿಯ ಹಳೆಯ ದುಪಟ್ಟಾದ ತುಂಡು ಕೈಯಲ್ಲಿಲ್ಲದಿದ್ದರೆ ಅವನಿಗೆ ನಿದ್ದೆ ಬಾರದು. ವಾಸನೆ ಬರುತ್ತಿದೆಯೆಂದು ನಾನೇ ಒಂದು ದಿನ ಅದನ್ನು ಕಸಕ್ಕೆ ಹಾಕಿದೆ. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಡೊನಾಲ್ಡ್ ವಿನಿಕಾಟ್ ಅವರ ಬಗ್ಗೆ ನಾನು ಓದಿದ್ದು ಆಮೇಲೆ.

1896ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಹುಟ್ಟಿದ ಅವರು ಮೊದಲು ಮಕ್ಕಳ ವೈದ್ಯರು, ನಂತರ ಮನೋವಿಶ್ಲೇಷಕರೂ ಆದರು. 1923ರಿಂದ ಸುಮಾರು 40 ವರ್ಷ ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ದುಡಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ತಮ್ಮ ಬಳಿ ಬಂದ ಮಗುವಿನ ಮುಂದೆ ಕಾಗದದ ಮೇಲೆ ಸುಮ್ಮನೆ ಒಂದು ಗೆರೆ ಗೀಚುವರು. ಮಗು ಅದನ್ನು ಏನಾದರೊಂದು ಚಿತ್ರ ಮಾಡಬೇಕು. ಮುಂದಿನ ಸಲ ಗೀಚುವುದು ಮಗು, ಚಿತ್ರ ಮಾಡುವುದು ಡಾಕ್ಟರು. (ನಮ್ಮ ಕ್ಲಾಸಿನ ಕೊನೇ ಬೆಂಚಿನಲ್ಲಿ ಇದು ದಿನವೂ ನಡೆಯುತ್ತದೆ.) ಬಿಬಿಸಿ ರೇಡಿಯೋದಲ್ಲಿ ತಾಯಂದಿರಿಗಾಗಿ ಮಾತಾಡಿದರು. ತಾಯಿ ಪರಿಪೂರ್ಣಳಾಗಿರಬೇಕಿಲ್ಲ ಎಂಬುದು ಅವರ ನಿಲುವು.

1951ರಲ್ಲಿ ಅವರು ಮಂಡಿಸಿದ ಪ್ರಬಂಧ ಇಂಥ ಬಟ್ಟೆ ತುಂಡುಗಳ ಬಗ್ಗೆಯೇ. ಅಮ್ಮ ಬೇರೆ, ತಾನು ಬೇರೆ ಎಂದು ತಿಳಿಯತೊಡಗಿದಾಗ ಮಗು ತಾನೂ ಅಲ್ಲದ, ಅಮ್ಮನೂ ಅಲ್ಲದ ಒಂದು ವಸ್ತುವನ್ನು ಆರಿಸಿಕೊಂಡು ಅದಕ್ಕೆ ಜೀವ ತುಂಬುತ್ತದೆ. ಆಟ, ಮುಂದೆ ಕಲೆ ಕೂಡ, ಆ ನಡುವಿನ ಜಾಗದಲ್ಲೇ ಬೆಳೆಯುತ್ತವೆ ಎಂದು ಅವರು ನಂಬಿದ್ದರು. ಅದನ್ನು ಒಗೆದರೂ ಮಗುವಿನ ಪಾಲಿಗೆ ಅದರ ಬೆಲೆ ಹೋಗಬಹುದೆಂದು ಗಮನಿಸಿದ್ದರು. ನಾನು ಎಸೆದೇಬಿಟ್ಟಿದ್ದೆ!

1971ರಲ್ಲಿ ಅವರು ತೀರಿಕೊಂಡರು. ಆಟದ ಕುರಿತ ಅವರ ಹೆಸರಾಂತ ಪುಸ್ತಕ ಬಂದದ್ದೂ ಅದೇ ವರ್ಷ.

ಅಮ್ಮಿ ಇನ್ನೊಂದು ದುಪಟ್ಟಾ ಹರಿದು ಕೊಟ್ಟರು. ತಮ್ಮ ಮೂಸಿ ನೋಡಿ ಪಕ್ಕಕ್ಕೆಸೆದ.